ಬಿಳಿ ಪಿಕಪ್

"ಗಾಡಿ ಯಾವುದ್ರಯ್ಯಾ?"

"ಬಿಳಿ ಪಿಕಪ್ಪು ಸಾರ್."

ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಕಣದಲ್ಲಿ ಮೊನ್ನೆ ಬೆಳಿಗ್ಗೆ ಎಎಸ್‌ಐ ಕೇಳಿದ ಪ್ರಶ್ನೆಗೆ ಆರು ಜನ ಕೊಟ್ಟದ್ದು ಇದೊಂದೇ ಉತ್ತರ. ರಾತ್ರಿ ಹನ್ನೆರಡು ಮೂಟೆ ರೋಬಸ್ಟಾ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಕಳುವಾಗಿತ್ತು. ಮಲೆನಾಡಲ್ಲಿ ಗೊಬ್ಬರ ತರೋದೂ ಬಿಳಿ ಪಿಕಪ್ಪೇ, ಶುಂಠಿ ಒಯ್ಯೋದೂ ಬಿಳಿ ಪಿಕಪ್ಪೇ. ಪೊಲೀಸರಿಗೆ ಬೇಕಿದ್ದದ್ದು ನಂಬರಿನ ಕೊನೆಯ ನಾಲ್ಕು ಅಂಕಿ. ಅದಿಲ್ಲದಿದ್ದರೆ ಕೆಎ 18ರದ್ದೋ ಕೆಎ 46ರದ್ದೋ, ಟಾರ್ಪಾಲು ಯಾವ ಬಣ್ಣ, ಜನ್ನಾಪುರದ ಕಡೆ ಹೋಯಿತೋ ಬೇಲೂರಿನ ಕಡೆಯೋ. ಅದೂ ರಾತ್ರಿಯೇ ಬೇಕಿತ್ತು. ಕಾವಲಿನವನು ಸದ್ದು ಕೇಳಿ ಫೋನ್ ಮಾಡಿದ್ದು ತೋಟದ ರೈಟರಿಗೆ, ರೈಟರು ಸಾಹುಕಾರರಿಗೆ, ಸಾಹುಕಾರರು ಭಾವನಿಗೆ. 112ಕ್ಕೆ ಕರೆ ಹೋಗುವಾಗ ಬೆಳಗಿನ ಆರು ಗಂಟೆ.

ಅಷ್ಟರಲ್ಲಿ ಮುರಿದ ಬೀಗ ನಾಲ್ಕು ಕೈ ದಾಟಿತ್ತು. ಇನ್ನು ಬೆರಳಚ್ಚಿನ ಮಾತೆಲ್ಲಿ! ಟೈರಿನ ಗುರುತಿನ ಮೇಲೆ ನೋಡಲು ಬಂದವರ ಜೀಪು ನಿಂತಿತ್ತು. ಚೆಲ್ಲಿದ್ದ ಕಾಯನ್ನು ಯಾರೋ ಪುಣ್ಯಾತ್ಮರು ಗುಡಿಸಿಟ್ಟಿದ್ದರು.

ಗೋಡೌನಿನಲ್ಲಿ ನೆರೆದ ಜನ ಕೂಲಿಯವರ ಲೈನ್‌ಮನೆಯ ಅಸ್ಸಾಮಿನ ಹುಡುಗನೊಬ್ಬನನ್ನು ಕೂರಿಸಿಕೊಂಡಿದ್ದರು. ತಪ್ಪೇನು? ಹೊರಗಿನವನು, ಅಷ್ಟೇ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 40ನೇ ಕಲಂ ಪ್ರಕಾರ ಸಾಮಾನ್ಯರೂ ಹಿಡಿಯಬಹುದು ನಿಜ. ಆದರೆ ಜಾಮೀನು ಹಕ್ಕಾಗಿ ಸಿಗದ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧ ತಮ್ಮ ಕಣ್ಣೆದುರೇ ನಡೆದಿರಬೇಕು, ಇಲ್ಲವೇ ಆತ ಘೋಷಿತ ಅಪರಾಧಿಯಾಗಿರಬೇಕು. ಹಿಡಿದವರು ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅನುಮಾನಕ್ಕೆ ಕೂರಿಸಿಕೊಂಡರೆ ಕೇಸು ಕೂರಿಸಿದವರ ಮೇಲೇ ಬೀಳುತ್ತದೆ. ಅವನ ಫೋಟೋ 'ಕಳ್ಳ' ಅಂತ ಗ್ರೂಪಿನಲ್ಲಿ ಓಡಾಡುತ್ತಿತ್ತು. ಎಲ್ಲರೂ ಫೋಟೋ ನೋಡಿಯಾದ ಮೇಲೆ ಗುರುತು ಪತ್ತೆ ಪರೇಡ್ ನಡೆಸಿ ಏನು ಬಂತು?

ನಿಜವಾಗಿ ಕೆಲಸಕ್ಕೆ ಬಂದವನು ಕ್ರಾಸಿನ ಟೀ ಅಂಗಡಿಯವನು. ಅವನ ಕ್ಯಾಮೆರಾದಲ್ಲಿ ಗಾಡಿ ಸಿಕ್ಕಿತ್ತು, ನಂಬರಿಲ್ಲ. ರಾತ್ರಿ ಇನ್‌ಫ್ರಾರೆಡ್ ಬೆಳಕು ಹೊಳೆಯುವ ಪ್ಲೇಟಿಗೆ ನೇರ ಬಡಿದರೆ ಹಳದಿ ಪ್ಲೇಟೂ ಬರೀ ಬಿಳಿ ಚೌಕ. ಅಲ್ಲೂ ಬಿಳಿಯೇ! ಓರೆಗೆ, ಎದೆಯೆತ್ತರಕ್ಕೆ ಕಟ್ಟಿದ್ದರೆ ಅಂಕಿ ಸಿಗುವ ಸಾಧ್ಯತೆ ಹೆಚ್ಚಿತ್ತು. ಆದರೂ ಎಡಗಡೆಯ ಹಿಂದಿನ ದೀಪ ಉರಿಯದ್ದು ಕಂಡಿತು. ದೃಶ್ಯ ಕೂಡಿಡುವ ಡಿವಿಆರ್‌ನ ಗಡಿಯಾರ ತಪ್ಪಿದೆ ಅಂತ ಗೊತ್ತಾದಾಗ ಆತ ಅದನ್ನು ಸರಿಮಾಡಲು ಹೋಗಲಿಲ್ಲ. ಮೊಬೈಲ್ ಪಕ್ಕಕ್ಕಿಟ್ಟು ನೋಡಿ ಬಿಲ್ಲಿನ ಬೆನ್ನಿಗೆ '23 ನಿಮಿಷ ಮುಂದೆ' ಎಂದು ಬರೆದಿಟ್ಟ. ತೆರೆಯ ಮೇಲೆ 2:41 ಅಂದರೆ ನಿಜಕ್ಕೆ 2:18. ಈ ಲೆಕ್ಕವಿಲ್ಲದಿದ್ದರೆ ಮುಂದಿನ ಕ್ಯಾಮೆರಾದಲ್ಲಿ ತಪ್ಪು ಹೊತ್ತನ್ನು ಹುಡುಕುತ್ತಿದ್ದರು.

ವಾಟ್ಸಾಪಿನಲ್ಲಿ ಕಳಿಸಿದ ತುಣುಕು ಕುಗ್ಗಿ ಮಸುಕಾಗುತ್ತದೆ. ಮೂಲವನ್ನೇ ಪೆನ್‌ಡ್ರೈವಿಗೆ ಹಾಕಬೇಕು, ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಫೈಲು ಬದಲಾಗಿಲ್ಲ ಅಂತ ತೋರಿಸುವ ಬೆರಳಚ್ಚಿನಂಥ ಸಂಖ್ಯೆ, ಬರೆಯಬೇಕು. ಒಂದು ಭಾಗಕ್ಕೆ ಸಾಧನದ ಉಸ್ತುವಾರಿಯ ಸಹಿ, ಇನ್ನೊಂದಕ್ಕೆ ತಜ್ಞರದ್ದು. ತಡ ಮಾಡುವಂತಿಲ್ಲ: ನಾಲ್ಕು ಕ್ಯಾಮೆರಾ, 1 ಟಿಬಿ ಡಿಸ್ಕ್ ಅಂದರೆ ಸೆಟ್ಟಿಂಗ್ ನೋಡಿಕೊಂಡು ಒಂದೆರಡು ವಾರಕ್ಕೆ ಹಳೆಯದು ಅಳಿದು ಹೊಸದು ಕೂರುತ್ತದೆ.

ಕೊನೆಗೆ ಎಎಸ್‌ಐ, "ಮಹಜರಿಗೆ ಇಬ್ರು ಬನ್ರಪ್ಪಾ" ಅಂದರು. ಒಬ್ಬನಿಗೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನೆನಪಾಯಿತು, ಇನ್ನೊಬ್ಬನಿಗೆ ಡೇರಿ. ಕೋರ್ಟಿನ ಅಲೆದಾಟದ ಭಯ ಸುಳ್ಳಲ್ಲ, ವಾಯಿದೆ ಮೇಲೆ ವಾಯಿದೆ. ಆದರೆ ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿಯೇ ಬೇಡ. ಹೆಂಗಸರನ್ನೂ ಅರವತ್ತು ದಾಟಿದವರನ್ನೂ ಸ್ಟೇಷನ್ನಿಗೆ ಬನ್ನಿ ಅನ್ನುವಂತಿಲ್ಲ, ಮನೆಗೇ ಬಂದು ಕೇಳಬೇಕು. ಇದನ್ನು ಹೇಳೋಣವೆಂದರೆ ಕೇಳಲು ಯಾರಿದ್ದರು? ಮಹಜರಿಗೆ ಸಹಿ ಹಾಕಿದ್ದು ಹಾಲು ಹಾಕಿ ವಾಪಸು ಹೋಗುತ್ತಿದ್ದ ಇಬ್ಬರು. ಬಿಳಿ ಪಿಕಪ್ ಕಂಡಿದ್ದ ಆರು ಜನರಲ್ಲಿ ಒಬ್ಬರೂ ಅಲ್ಲಿರಲಿಲ್ಲ.