ತಂಬೂರಿ ಗರಗರ ಅಂದಾಗ

16 ಜೂನ್ 2024, ಭಾನುವಾರ

ನಾನೇ ಕಟ್ಟುತ್ತಿರುವ ಹೆಡ್‌ಫೋನ್ ಆಂಪ್ಲಿಫೈಯರ್‌ನ ಎಡ ಚಾನಲ್ ಇವತ್ತು ಹಾಡಿತು. ಬಲದ್ದು ಇನ್ನೂ ಬಾಕಿ.

ನಿನ್ನೆ ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯವರು "ಟಿಡಿಎ 2822 ತಗೊಂಡು ಹೋಗಿ ಸಾರ್, ಅರ್ಧ ಗಂಟೆ ಕೆಲಸ" ಅಂದಿದ್ದರು. ಸರಿಯಾಗೇ ಹೇಳಿದರು. ಅದು ಒಂದೇ ಚಿಪ್ಪಿನ ಆಂಪ್ಲಿಫೈಯರ್, ಆ ಪುಟ್ಟ ಐಸಿಯಲ್ಲಿ ಎರಡು ಚಾನಲ್ಲೂ ಇದೆ. ಆದರೆ ಅದರ ಹೊಟ್ಟೆಯೊಳಗೆ ಮೀಟರ್ ಇಟ್ಟು ನೋಡೋಕೆ ಆಗಲ್ಲ, ಅಲ್ವಾ? ನನಗೆ ಬೇಕಿದ್ದದ್ದೇ ಅದು.

ಸರ್ಕ್ಯೂಟ್ ಹಳೇದೇ. ಮುಂದೆ ಒಂದು ಬಿ.ಸಿ. 547 ಟ್ರಾನ್ಸಿಸ್ಟರ್, ವೋಲ್ಟೇಜ್ ಹೆಚ್ಚಿಸೋಕೆ. ಹಿಂದೆ ಬಿ.ಡಿ. 139 ಮತ್ತು 140 ಟ್ರಾನ್ಸಿಸ್ಟರ್‌ಗಳ ಜೋಡಿ. ಅಲೆಯ ಮೇಲಿನ ಅರ್ಧ ಒಂದರ ಪಾಲು, ಕೆಳಗಿನ ಅರ್ಧ ಇನ್ನೊಂದರ ಪಾಲು. 12 ವೋಲ್ಟ್ ಅಡಾಪ್ಟರ್. ಎಲ್ಲಾ ಜೀರೋ ಪಿಸಿಬಿ (ಬರೀ ತೂತುಗಳಿರುವ ಬೋರ್ಡ್) ಮೇಲೆ. ಹೆಡ್‌ಫೋನ್ ಹಾಕುವ ಮುಂಚೆ ಜೋಡಿಯ ನಡುವೆ ಅಳೆದೆ: 5.9 ವೋಲ್ಟ್. ಹೆಚ್ಚುಕಮ್ಮಿ ಅರ್ಧ. ಸಾಕು.

ಆಮೇಲೆ ಬೇಕಂತಲೇ ಒಂದು ಕಿತಾಪತಿ ಮಾಡಿದೆ. ಆ ಜೋಡಿಯ ಎರಡು ಬೇಸ್‌ಗಳ (ಸಿಗ್ನಲ್ ಒಳಹೋಗುವ ಕಾಲುಗಳ) ನಡುವಿನ 1ಎನ್4148 ಡಯೋಡ್‌ಗಳನ್ನು ತಂತಿಯಿಂದ ಶಾರ್ಟ್ ಮಾಡಿ, ತಂಬೂರಿ ಶ್ರುತಿಯನ್ನು ಸಣ್ಣ ದನಿಯಲ್ಲಿ ಹಚ್ಚಿದೆ. ಮೀಟು ಚೆನ್ನಾಗಿ ಶುರುವಾಗಿ, ಕರಗುತ್ತಾ ಬಂದ ಹಾಗೆ ಮರಳು ಸೇರಿದಂತೆ ಗರಗರ ಅನ್ನತೊಡಗಿತು. ವಾಲ್ಯೂಮ್ ಏರಿಸಿದರೆ ಅಷ್ಟಾಗಿ ಗೊತ್ತಾಗಲ್ಲ. ಬೇಸ್‌ಗೆ ಸುಮಾರು 0.6 ವೋಲ್ಟ್ ಸಿಗುವ ತನಕ ಟ್ರಾನ್ಸಿಸ್ಟರ್ ಬಾಗಿಲೇ ತೆರೆಯಲ್ಲ. ಸಣ್ಣ ಸಿಗ್ನಲ್ ಎರಡರ ನಡುವೆ ಸಿಕ್ಕಿಬೀಳುತ್ತದೆ.

ತಂತಿ ಕಿತ್ತೆ. ಗರಗರ ಮಾಯ! ಡಯೋಡ್‌ಗಳು ಎರಡನ್ನೂ ಸದಾ ಒಂಚೂರು ತೆರೆದಿಡುತ್ತವೆ. ಔಟ್‌ಪುಟ್ ಕಡೆಯ ಕಾಲಾದ ಎಮಿಟರ್‌ನ 4.7 ಓಮ್ ರೆಸಿಸ್ಟರ್ ಮೇಲೆ 40 ಮಿಲಿವೋಲ್ಟ್ ತೋರಿಸಿತು, ಅಂದರೆ ಸುಮ್ನೆ ಕೂತಾಗಲೂ 8.5 ಮಿಲಿಆಂಪ್ ಹರಿಯುತ್ತಿದೆ. ಟ್ರಾನ್ಸಿಸ್ಟರ್ ಬಿಸಿಯಾದರೆ ಅದಕ್ಕೆ ಬೇಕಾದ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ಕರೆಂಟ್ ಏರುತ್ತಾ ಹೋಗುತ್ತದೆ. ಹಾಗಾಗಿ ಡಯೋಡ್‌ಗಳನ್ನು ಟ್ರಾನ್ಸಿಸ್ಟರ್‌ಗಳ ಮೈಗೇ ತಾಗಿಸಿ ಕೂರಿಸಿದ್ದೇನೆ. ಎರಡೂ ಒಟ್ಟಿಗೆ ಬಿಸಿಯಾಗಲಿ, ಡಯೋಡ್‌ನ ವೋಲ್ಟೇಜೂ ಜೊತೆಗೇ ಇಳಿಯಲಿ.

ಆ 5.9 ವೋಲ್ಟ್ ಹೆಡ್‌ಫೋನ್‌ಗೆ ಹೋಗದಂತೆ ತಡೆಯುವ ಔಟ್‌ಪುಟ್ ಕೆಪಾಸಿಟರ್‌ನಲ್ಲಿ ಜುಗ್ಗತನ ಬೇಡ. 32 ಓಮ್ ಹೆಡ್‌ಫೋನ್‌ಗೆ 100 ಮೈಕ್ರೋಫ್ಯಾರಡ್ ಹಾಕಿದರೆ 50 ಹರ್ಟ್ಸ್‌ನಿಂದಲೇ ಬಾಸ್ ಸೋರುತ್ತದೆ. 470 ಹಾಕಿದರೆ 11ರ ಆಸುಪಾಸಿಗೆ ಇಳಿಯುತ್ತದೆ. ಮೃದಂಗದ ಎಡಗಡೆ ಇಷ್ಟಪಡುವವರಿಗೆ ಇದು ಬೇಕೇ ಬೇಕು. ಕೆಪಾಸಿಟರ್ ದೊಡ್ಡದಾದಷ್ಟೂ ಸ್ವಿಚ್ ಹಾಕಿದಾಗ ಕಿವಿಗೆ "ಡಬ್" ಅನ್ನೋದೂ ಜಾಸ್ತಿ. ಅದಕ್ಕೆ ಔಟ್‌ಪುಟ್‌ನಿಂದ ಗ್ರೌಂಡ್‌ಗೆ 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಕೆಪಾಸಿಟರ್ ತುಂಬಲಿ ಅಂತ ಎರಡು ಮೂರು ಸೆಕೆಂಡ್ ಬಿಟ್ಟು ಜಾಕ್ ಚುಚ್ಚುತ್ತಿದ್ದೇನೆ.