ಬೂಷ್ಟು ಹಿಡಿದ ಒಂದು ದ್ರಾಕ್ಷಿ

ಇಂದು ಮಧ್ಯಾಹ್ನ ಹಂಗೇರಿಯ ಟೊಕಾಯ್‌ನ ತೋಟವೊಂದರಲ್ಲಿ, ಹಣ್ಣು ಬಿಡಿಸುತ್ತಿದ್ದ ಹಿರಿಯ ಹೆಂಗಸೊಬ್ಬರು ನನ್ನ ಅಂಗೈಯಲ್ಲಿ ಒಂದೇ ಒಂದು ದ್ರಾಕ್ಷಿಯನ್ನು ಇಟ್ಟರು. ಅದು ಸುಕ್ಕುಗಟ್ಟಿ ನೇರಳೆಗಂದು ಬಣ್ಣಕ್ಕೆ ತಿರುಗಿತ್ತು, ಮೈತುಂಬ ಬೂದಿ ಸವರಿದಂತೆ ಬೂಷ್ಟು ಹಿಡಿದಿತ್ತು. ಮನೆಯಲ್ಲಾಗಿದ್ದರೆ ನಾನು ಮೊದಲು ಆರಿಸಿ ಎಸೆಯುತ್ತಿದ್ದ ಹಣ್ಣೇ ಇದು. ಬಾಯಿಗೆ ಹಾಕಿಕೊಂಡೆ. ಜೇನಿನಂಥ ಸಿಹಿ, ಅದರ ಬೆನ್ನಿಗೇ ಚುರುಕಾದ ಹುಳಿ.

ಬೊಟ್ರೈಟಿಸ್ ಸಿನೇರಿಯ ಎಂಬ ಈ ಶಿಲೀಂಧ್ರವು ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳನ್ನು ಮಾಡುತ್ತದೆ. ನೀರು ಆರಿಹೋಗಿ ಸಕ್ಕರೆ, ಹುಳಿ, ಪರಿಮಳಗಳು ಒಳಗೇ ಗಟ್ಟಿಯಾಗುತ್ತವೆ. ಬೋದ್ರೋಗ್ ಮತ್ತು ತಿಸಾ ನದಿಗಳು ಕೂಡುವ ಈ ಊರಿನಲ್ಲಿ ಶರತ್ಕಾಲದ ಬೆಳಗಿನ ಮಂಜು ಬೂಷ್ಟನ್ನು ಬೆಳೆಸುತ್ತದೆ, ಹೊತ್ತೇರಿದ ಮೇಲಿನ ಬಿಸಿಲು ಹಣ್ಣನ್ನು ಒಣಗಿಸಿ ಬೂಷ್ಟನ್ನು ಹದದಲ್ಲಿಡುತ್ತದೆ. ಮಳೆ ಬಿಡದೆ ಹಿಡಿದರೆ ಮಾತ್ರ ಅದೇ ಬೂಷ್ಟು ಇಡೀ ಗೊಂಚಲನ್ನು ಕೊಳೆಸಿಬಿಡುತ್ತದೆ.

ಒಂದೇ ಗೊಂಚಲಿನಲ್ಲಿ ಕೆಲವು ಹಣ್ಣು ಹದಕ್ಕೆ ಬಂದಿರುತ್ತವೆ, ಪಕ್ಕದವು ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಇಲ್ಲಿನವರು ಒಂದೊಂದೇ ಹಣ್ಣನ್ನು ಕೈಯಿಂದ ಬಿಡಿಸುತ್ತಾರೆ, ಅದೇ ಸಾಲಿಗೆ ಮತ್ತೆ ಮತ್ತೆ ಬರುತ್ತಾರೆ. ಈ ಹಣ್ಣಿನಿಂದ ಮಾಡುವ ಸಿಹಿ ವೈನೇ ಟೊಕಾಯ್ ಅಸೂ. ಹಿಂದೆ ಸುಮಾರು 25 ಕಿಲೋ ಹಿಡಿಯುವ ಬುಟ್ಟಿಯಿತ್ತು. 136 ಲೀಟರಿನ ಪೀಪಾಯಿಗೆ ಇಂಥ ಎಷ್ಟು ಬುಟ್ಟಿ ಸುರಿದರು ಎಂಬುದರಿಂದಲೇ ವೈನಿನ ಸಿಹಿಯನ್ನು ಅಳೆಯುತ್ತಿದ್ದರು. ಇಂದು ಟೊಕಾಯ್ ಅಸೂ ಎನ್ನಿಸಿಕೊಳ್ಳಲು ಲೀಟರಿಗೆ ಕನಿಷ್ಠ 120 ಗ್ರಾಂ ಸಕ್ಕರೆ ಉಳಿದಿರಬೇಕು.

ಸಂಜೆ ಆ ವೈನನ್ನು ಪುಟ್ಟ ಲೋಟದಲ್ಲಿ ಕೊಟ್ಟರು, ಹೊಂಬಣ್ಣದ್ದು. ನನಗೆ ಮಾತ್ರ ಆ ಹೆಂಗಸಿನ ಬೆರಳುಗಳೇ ಕಣ್ಣಮುಂದೆ ಇದ್ದವು: ಹಣ್ಣಿನ ರಸಕ್ಕೆ ಅಂಟಂಟಾಗಿ, ತುದಿಯಲ್ಲಿ ಬೂದುಬಣ್ಣದ ಪುಡಿ ಮೆತ್ತಿಕೊಂಡು, ಮುಂದಿನ ಹಣ್ಣನ್ನು ಮೆಲ್ಲಗೆ ತಡವುತ್ತಿದ್ದ ಬೆರಳುಗಳು.