ಅಷ್ಟು ಪ್ರೀತಿ ಇದ್ರೂ ಯಾಕೆ ಒಂದಾಗ್ಲಿಲ್ಲ?

"ಅಕ್ಕಾ, ಅಷ್ಟು ಪ್ರೀತಿ ಇತ್ತಲ್ಲ, ಮತ್ತೆ ಯಾಕೆ ಅವರಿಬ್ರೂ ಒಂದಾಗ್ಲಿಲ್ಲ?" ಯಾರಿಗೆ ಲಾ ಲಾ ಲ್ಯಾಂಡ್ ನೋಡಿ ಅಂತ ಹೇಳಿದ್ರೂ ಸಿನಿಮಾ ಮುಗಿದ ಹತ್ತೇ ನಿಮಿಷಕ್ಕೆ ಈ ಮೆಸೇಜ್ ಬರುತ್ತೆ, ಕೆಲವರಿಗಂತೂ ಸಿಟ್ಟೇ ಬಂದಿರುತ್ತೆ. ಹಾಗಾಗಿ ಇಲ್ಲೇ ಬರೆದಿಡ್ತೀನಿ. ಇನ್ನೂ ನೋಡಿಲ್ಲ ಅಂದ್ರೆ ದಯವಿಟ್ಟು ಇಲ್ಲಿಗೇ ನಿಲ್ಸಿ, ಕೊನೆ ಸೀನ್ ತನಕ ಹೇಳ್ಬಿಡ್ತೀನಿ.

2016ರ ಸಿನಿಮಾ, ಡೈರೆಕ್ಟರ್ ಡೇಮಿಯನ್ ಶಜೆಲ್. ಲಾಸ್ ಏಂಜಲೀಸಲ್ಲಿ ಕಾಫಿ ಶಾಪಲ್ಲಿ ಕೆಲ್ಸ ಮಾಡ್ಕೊಂಡು ಆಡಿಷನ್ನಿಂದ ಆಡಿಷನ್ನಿಗೆ ಓಡೋ ಮಿಯಾ, ತನ್ನದೇ ಒಂದು ಜಾಝ್ ಕ್ಲಬ್ ಮಾಡ್ಬೇಕು ಅಂತಿರೋ ಪಿಯಾನೋ ಹುಡುಗ ಸೆಬ್. ಎಮ್ಮಾ ಸ್ಟೋನ್, ರಯಾನ್ ಗಾಸ್ಲಿಂಗ್.

"ಕರಿಯರ್‌ಗೋಸ್ಕರ ಪ್ರೀತಿ ಬಿಟ್ರು" ಅಂತಾರೆ, ನಾನು ಒಪ್ಪಲ್ಲ. ಮೊದಲು ಕನಸು ಬಿಟ್ಟವನು ಸೆಬ್, ಅದೂ ಪ್ರೀತಿಗೋಸ್ಕರ. ಮಿಯಾ ಫೋನಲ್ಲಿ ಅಮ್ಮನ ಹತ್ರ, ಅವನಿಗಿನ್ನೂ ಒಂದು ನೆಲೆ ಅಂತ ಆಗಿಲ್ಲ, ಆಗುತ್ತೆ ಅಂತ ಸಮಜಾಯಿಷಿ ಹೇಳ್ತಿರೋದು ಅವನ ಕಿವಿಗೆ ಬೀಳುತ್ತೆ, ಕಣ್ಣೆತ್ತಿ ಸೀಲಿಂಗ್ ಮೇಲಿನ ಕಲೆ ನೋಡ್ತಾನೆ, ಅಷ್ಟೇ, ಹೋಗಿ ತನಗೆ ಹಿಡಿಸದ ಬ್ಯಾಂಡ್ ಸೇರ್ಕೋತಾನೆ. ಇದು ನಮ್ಮ ಮನೆಗಳಲ್ಲೂ ನಡೆಯೋದೇ, "ಹುಡುಗ ಏನ್ ಮಾಡ್ಕೊಂಡಿದಾನೆ" ಅನ್ನೋ ಪ್ರಶ್ನೆಗೆ ಹುಡುಗಿ ತಡವರಿಸೋದನ್ನ ಕೇಳಿಸ್ಕೊಂಡು ತಬಲಾನೋ ನಾಟಕಾನೋ ಅಟ್ಟಕ್ಕೆ ಹಾಕಿ ಕೆಲ್ಸಕ್ಕೆ ಸೇರಿದ ಹುಡುಗ್ರು ಎಷ್ಟಿಲ್ಲ. ಆಮೇಲೆ ಆ ಕೆಲ್ಸಾನೇ ಇವರಿಬ್ಬರ ಮಧ್ಯೆ ಬಂತು. ಟೂರ್ ಮೇಲೆ ಟೂರ್, ಊಟದ ಮುಂದೆ ಜಗಳ, ಅವಳ ಒಬ್ಬಳದೇ ನಾಟಕದ ದಿನ ಇವನು ಫೋಟೋ ಶೂಟಲ್ಲಿ.

ನನಗೆ ಈ ಸಿನಿಮಾದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರೀತಿಯ ಸೀನ್ ಕಾಣೋದು ಅದಾದ್ಮೇಲೆ. ಅವಳು ಎಲ್ಲಾ ಸಾಕು ಅಂತ ನೆವಾಡದ ಬೌಲ್ಡರ್ ಸಿಟಿಗೆ, ಅಪ್ಪ ಅಮ್ಮನ ಮನೆಗೆ ಹೋಗಿರ್ತಾಳೆ. ಅವಳಿಗೆ ಬರಬೇಕಾದ ಆಡಿಷನ್ ಕರೆ ಬರೋದು ಸೆಬ್‌ಗೆ. ಮನೆ ಲೈಬ್ರರಿ ಎದುರಿಗಿದೆ ಅಂತ ಅವಳು ಯಾವಾಗ್ಲೋ ಹೇಳಿದ್ದನ್ನ ನೆನಪಿಟ್ಕೊಂಡು ಅಲ್ಲೀತನಕ ಕಾರ್ ಓಡಿಸ್ಕೊಂಡು ಹೋಗಿ, ಬೀದಿಯವರೆಲ್ಲ ಎದ್ದು ಬರೋ ಹಾಗೆ ಹಾರ್ನ್ ಹೊಡೀತಾನೆ. ವಾಪಸ್ ಬಾ ನನ್ನ ಜೊತೆ ಇರು ಅಂತ ಅಲ್ಲ, ಆಡಿಷನ್ನಿಗೆ ಬಾ ಅಂತ. ಆ ಆಡಿಷನ್ ಅವಳನ್ನ ಪ್ಯಾರಿಸ್ಸಿಗೆ ಕರ್ಕೊಂಡು ಹೋಗುತ್ತೆ.

ಈಗ ಕೊನೆ. ಐದು ವರ್ಷ ಆಗಿದೆ, ಅವಳಿಗೆ ಗಂಡ, ಮಗು. ಅಕಸ್ಮಾತ್ ಒಂದು ಕ್ಲಬ್ಬಿಗೆ ಕಾಲಿಡ್ತಾಳೆ, ಬೋರ್ಡಲ್ಲಿ "ಸೆಬ್ಸ್" ಅಂತ ಇದೆ, ಆ ಹೆಸರು, ಆ ಡಿಸೈನ್ ಅವಳೇ ಮಾಡಿಕೊಟ್ಟಿದ್ದು, ಅವನು ಆಗ ಬೇಡ ಅಂದಿದ್ದ. ಅವಳನ್ನ ನೋಡಿ ಅವನು ಪಿಯಾನೋ ನುಡಿಸ್ತಾನೆ (ಗಾಸ್ಲಿಂಗ್ ಪಿಯಾನೋ ಕಲಿತು ತಾನೇ ನುಡಿಸಿದ್ದು, ಬೆರಳುಗಳನ್ನ ನೋಡಿ), ಮತ್ತೆ "ಹೀಗಾಗಿದ್ರೆ" ಅನ್ನೋ ಆ ಕನಸು ಓಡುತ್ತೆ. ಎಲ್ರೂ ಅಲ್ಲಿ ಅಳ್ತಾರೆ, ನಾನೂ ಅತ್ತಿದೀನಿ. ಎರಡನೇ ಸಲ ನೋಡ್ದಾಗ ಗೊತ್ತಾಯ್ತು: ಆ ಕನಸಲ್ಲಿ ಅವನು ಅವಳ ಜೊತೆ ಪ್ಯಾರಿಸ್ಸಿಗೆ ಹೋಗ್ತಾನೆ, ಮಗು ಆಗುತ್ತೆ, ಕೊನೆಗೆ ಇಬ್ರೂ ಒಂದು ಜಾಝ್ ಕ್ಲಬ್ಬಿಗೆ ಬರ್ತಾರೆ, ಆದ್ರೆ ಅಲ್ಲಿ ಪಿಯಾನೋ ಮುಂದೆ ಕೂತಿರೋದು ಬೇರೆ ಯಾರೋ. ಸೆಬ್ ಕುರ್ಚಿ ಮೇಲೆ ಕೂತು ಕೇಳ್ತಿದಾನೆ.

ಅದಕ್ಕೇ ನಾನು ಹೇಳೋದು, ಅವರು ಒಂದಾಗಬಹುದಿತ್ತು. ಒಂದಾಗಿದ್ರೆ ಅವಳು ಬರೆದುಕೊಟ್ಟ ಆ ಬೋರ್ಡನ್ನ ಹಾಕೋಕೆ ಅವನಿಗೆ ಒಂದು ಗೋಡೆ ಇರ್ತಿರಲಿಲ್ಲ.